ಅಣ್ಣನಿಗೆ ಎರಡೋ ಮೂರೋ, ನನಗೆ ಒಂದೋ ಎರಡೋ

ನಮ್ಮದು ಹಲ್ಲಿನ ಮನೆತನ. ಹಾಗಂದರೆ ನಮ್ಮ ಹಲ್ಲು ಚೆನ್ನಾಗಿವೆ ಅಂತಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಅದಕ್ಕೆ ತಕ್ಕ ಹಲ್ಲು ಮಾಡಿ ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತೇವೆ. ಅಪ್ಪ ಶುರುಮಾಡಿದ ಕೆಲಸ, ಈಗ ಅಣ್ಣ ಮತ್ತು ನಾನು ಮುಂದುವರಿಸಿದ್ದೇವೆ. ಅಣ್ಣ ಅಚ್ಚಿಗೆ ಪ್ಲಾಸ್ಟರ್ ಹುಯ್ದು ದವಡೆ ಎಬ್ಬಿಸುತ್ತಾನೆ. ನಾನು ಅದರ ಮೇಲೆ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಬಣ್ಣ ಹೊಂದಿಸುತ್ತೇನೆ. ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ಬೈಯುತ್ತಾಳೆ. ಅಮ್ಮನ ಬಾಯಲ್ಲಿ ಮದ್ದಿಗೆ ಬೇಕೆಂದರೂ ಒಂದು ಹಲ್ಲಿಲ್ಲ. ಕಟ್ಟಿಸ್ಕೊಳ್ಳಮ್ಮ ಅಂದರೆ, "ನೀವು ಹೇಗೆ ಮಾಡ್ತೀರ ಅಂತ ಕಣ್ಣಾರೆ ನೋಡಿದೀನಿ, ನನಗೆ ಬೇಡಪ್ಪಾ" ಅನ್ನುತ್ತಾಳೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಕತ್ತಲೆ ಅಂದಮೇಲೆ ಕಿಟಕಿಯ ಮಾತು ಬಂದೇ ಬರುತ್ತದೆ. ನಮ್ಮ ಕೆಲಸದ ಕೋಣೆಗೆ ಇರುವುದು ಒಂದೇ ಕಿಟಕಿ. ಅದರ ಎಡಕ್ಕೆ ಕೈತೊಳೆಯುವ ತೊಟ್ಟಿ, ಬಲಕ್ಕೆ ಗೋಡೆಗೇ ಸೇರಿಸಿ ಕಟ್ಟಿದ ಕಪಾಟು, ನಡುವೆ ಒಬ್ಬರು ಕೂರುವಷ್ಟು ಮೇಜು. ಇಬ್ಬರು ಕೂರೋಣ ಅಂದರೆ ಒಬ್ಬರು ತೊಟ್ಟಿಯೊಳಗೆ ಕೂರಬೇಕು. ಅಪ್ಪ ಇರುವತನಕ ಅದು ಅಪ್ಪನ ಜಾಗ. ಅಪ್ಪ ಹೋದಮೇಲೆ ಅಣ್ಣ ತನ್ನ ಪ್ಲಾಸ್ಟರ್ ಬೋಗುಣಿ ತಂದು ಅಲ್ಲಿಟ್ಟು, "ದೊಡ್ಡ ಮಗನ ಜಾಗ" ಅಂದ. ಪ್ಲಾಸ್ಟರ್ ಕಲಸುವುದಕ್ಕೆ ಬೆಳಕು ಯಾಕೆ ಬೇಕು ಸ್ವಾಮಿ? ಕಣ್ಣು ಮುಚ್ಚಿಕೊಂಡೇ ಕಲಸಬಹುದು. ಅಣ್ಣ ಹಾಗೇ ಕಲಸುತ್ತಾನೆ ಕೂಡ. ಊಟವಾದಮೇಲೆ ಬಿಸಿಲು ಬೆನ್ನಿಗೆ ಬಿದ್ದದ್ದೇ ತಡ, ಕೈಯಲ್ಲಿ ಕಲಸುವ ಚಮಚ ಹಿಡಿದೇ ಗೊರಕೆ ಶುರುಮಾಡುತ್ತಾನೆ.

ನಾನೋ, ಒಳಮೂಲೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ. ಹಲ್ಲು ಅಂದರೆ ಬಿಳಿ, ಬಿಳಿ ಅಂದರೆ ಒಂದೇ ಅಂದುಕೊಂಡವರು ನಮ್ಮ ಮಾದರಿ ಪಟ್ಟಿ ನೋಡಬೇಕು. ಅದರಲ್ಲಿ ಹದಿನಾರು ಬಿಳಿಗಳಿವೆ. ಟೀ ಕುಡಿದು ಕುಡಿದು ಕಂದಿದ ಬಿಳಿ ಬೇರೆ, ವಯಸ್ಸಾಗಿ ಮಾಗಿದ ಬಿಳಿ ಬೇರೆ. ಹಗಲ ಬೆಳಕಿನಲ್ಲಿ ಹಿಡಿದರೆ ಅವು ತಮ್ಮ ಗುಟ್ಟು ತಾವೇ ಹೇಳುತ್ತವೆ. ಟ್ಯೂಬ್‌ಲೈಟಿನ ಕೆಳಗೆ ಹದಿನಾರಕ್ಕೆ ಹದಿನಾರೂ ಸುಳ್ಳು ಹೇಳುತ್ತವೆ. ನಾನು ಆ ಸುಳ್ಳು ನಂಬಿ ಹಲ್ಲು ಜೋಡಿಸಿ ಕಳಿಸುತ್ತೇನೆ. ಜನ ಅದನ್ನು ಬಾಯಲ್ಲಿಟ್ಟುಕೊಂಡು ಬೀದಿಗೆ ಬಂದಾಗ ನಿಜ ಬಯಲಾಗುತ್ತದೆ.

ಒಂದು ದಿನ ದಂತವೈದ್ಯರು ಫೋನ್ ಮಾಡಿ, "ಅಚ್ಚು ಭೇಷ್ ಆಗಿದೆ, ಆದರೆ ಬಣ್ಣ ಹೊಂದಿಸೋರನ್ನ ಬದಲಾಯಿಸಿ" ಅಂದರು. ಫೋನ್ ಎತ್ತಿದ್ದು ಬಣ್ಣ ಹೊಂದಿಸುವವಳೇ. "ಆಗಲಿ ಸಾರ್, ಹೇಳ್ತೀನಿ" ಅಂದು ಇಟ್ಟೆ. ಆಮೇಲೆ ತೊಟ್ಟಿಯ ನಲ್ಲಿ ಬಿಟ್ಟುಕೊಂಡು ಅತ್ತೆ. ಬಣ್ಣದಲ್ಲಿ ನನ್ನ ಕಣ್ಣನ್ನು ಅಪ್ಪನೇ ಹೊಗಳುತ್ತಿದ್ದ. ಆ ಕಣ್ಣಿಗೆ ಬೇಕಾಗಿದ್ದದ್ದು ಒಂದು ಕಿಟಕಿ, ಅಷ್ಟೇ. ಅಳು ಮುಗಿದಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ತಡೆಯುವವರಿಲ್ಲ.

"ಅಣ್ಣಾ, ಕಿಟಕಿ ನನಗೆ ಕೊಡು."

"ಯಾಕೆ, ಸೆಕೆನಾ?"

"ಸೆಕೆ ಅಲ್ಲ. ಬಣ್ಣ ಕಾಣ್ತಿಲ್ಲ."

"ಕನ್ನಡಕ ಬದಲಾಯಿಸ್ಕೋ. ನನಗಿಲ್ಲಿ ಪ್ಲಾಸ್ಟರ್ ಒಣಗಬೇಕು."

"ಪ್ಲಾಸ್ಟರ್ ಒಣಗ್ತಿಲ್ಲ, ನೀನು ಒಣಗ್ತಿದೀಯ!"

ಮಾತಿಗೆ ಮಾತು ಬೆಳೆದು ದನಿ ಸೂರು ಮುಟ್ಟಿತು. ಬಾಗಿಲ ಬಳಿಯಿಂದ ಅಮ್ಮ ಕೋಲು ಕುಟ್ಟಿದಳು. "ಸಾಕು ಮಾಡ್ರೋ. ಕಲ್ಲು ಹಾಕಿ."

ಇದು ನಮ್ಮ ಮನೆಯ ನ್ಯಾಯಾಲಯ. ಚಿಕ್ಕಂದಿನಿಂದ ನನಗೂ ಅಣ್ಣನಿಗೂ ಯಾವ ಜಗಳ ಬಂದರೂ ತೀರ್ಮಾನ ಕಲ್ಲಾಟದಲ್ಲೇ. ಒಂದಷ್ಟು ಕಲ್ಲು ಗುಡ್ಡೆ ಹಾಕುವುದು, ಸರದಿಯ ಮೇಲೆ ಎತ್ತುವುದು, ತನ್ನ ಸರದಿ ಬಂದಾಗ ಎತ್ತಲಾರದವನು ಸೋತ. ಇಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಆದರೆ ಅಮ್ಮ ಅಂದು ಹಾಕಿದ ನಿಯಮ ಹೀಗಿತ್ತು: ದೊಡ್ಡವನು ಒಂದು ಸಲಕ್ಕೆ ಎರಡೋ ಮೂರೋ ಎತ್ತಬೇಕು, ಚಿಕ್ಕವಳು ಒಂದೋ ಎರಡೋ. ಮೊದಲು ಎತ್ತುವುದು ಯಾವಾಗಲೂ ದೊಡ್ಡವನು. ಆಗ ಅಣ್ಣನಿಗೆ ಎಂಟು ವರ್ಷ, ನನಗೆ ಮೂರು. ಈಗ ಅವನ ತಲೆ ಬೋಳಾಗಿದೆ, ನನ್ನ ತಲೆಗೆ ಬಣ್ಣ ಹಚ್ಚಬೇಕು. ನಿಯಮ ಮಾತ್ರ ಹಾಗೇ ಇದೆ. ಬದಲಾದದ್ದು ಕಲ್ಲು. ಈಗ ಕಲ್ಲಿನ ಬದಲು ನಮ್ಮಲ್ಲಿ ರಾಶಿ ಬಿದ್ದಿರುವ ತಿರಸ್ಕೃತ ಹಲ್ಲುಗಳು: ಗಾತ್ರ ತಪ್ಪಿದ್ದು, ಮೂಲೆ ಒಡೆದದ್ದು, ಯಾರ ಬಾಯಿಗೂ ಹೊಂದದ್ದು. ಒಂದು ತಗಡಿನ ಡಬ್ಬಿಯ ತುಂಬ ಇವೆ. ನಾವು ಅವನ್ನೂ ಕಲ್ಲು ಅಂತಲೇ ಕರೆಯುತ್ತೇವೆ.

ಈ ನಿಯಮ ಅಣ್ಣನಿಗೆ ಕಿರೀಟ ಇದ್ದ ಹಾಗೆ. "ಒಂದೇ ಒಂದು ಎತ್ತೋದು ನಿಮ್ಮಂಥ ಚಿಕ್ಕವರ ಕೆಲಸ" ಅಂತ ಇವತ್ತಿಗೂ ಅನ್ನುತ್ತಾನೆ. ಮೊದಲ ಸರದಿಗೆ ಅವನ ಕೈ ಹೋಗುವುದು ಮೂರಕ್ಕೇ, ಅದೂ ತೋಳು ಮಡಚಿ, ಗಂಟಲು ಸರಿಮಾಡಿಕೊಂಡು. ನನಗೆ ಆ ಮೂರನ್ನು ಕಂಡರೇ ಮೈ ಉರಿಯುತ್ತಿತ್ತು. ಅವನಿಗೆ ಮೂರು ಸಿಗುವಾಗ ನನಗೆ ಎರಡಾದರೂ ಬೇಕು ಅಂತ ನಾನು ಹಟಕ್ಕೆ ಎರಡೆರಡೇ ಎತ್ತುತ್ತಿದ್ದೆ. ಕೆಲವು ಸಲ ಅವನು ಗೆಲ್ಲುತ್ತಿದ್ದ, ಕೆಲವು ಸಲ ನಾನು. ಇಬ್ಬರೂ ಅದನ್ನು ಅದೃಷ್ಟ ಅನ್ನುತ್ತಿದ್ದೆವು. ಅಮ್ಮನಿಗೆ ಮಗನ ಮೇಲೆ ಪಕ್ಷಪಾತ ಅನ್ನುವುದು ಮಾತ್ರ ನನ್ನ ಮನಸ್ಸಿನಲ್ಲಿ ಕಲ್ಲಿನ ಮೇಲೆ ಕೊರೆದ ಹಾಗೆ ಕೂತಿತ್ತು.

ಈ ಸಲದ ಪಣ ಏನು ಅಂತ ಅಮ್ಮ ಕೇಳಿದಳು. ನಾನು ಗೆದ್ದರೆ ಕಿಟಕಿ ನನ್ನದು. ಅಣ್ಣ ಗೆದ್ದರೆ ನಾನು ಕಿಟಕಿ ಅನ್ನುವ ಪದವನ್ನೇ ಎತ್ತಬಾರದು. ಆಟ ವಾರದ ಕೊನೆಗೆ, ಕೆಲಸ ಮುಗಿದಮೇಲೆ.

ಆ ವಾರ ನಾನು ಒಂದು ಪೂರ್ತಿ ಸೆಟ್ಟು ಜೋಡಿಸುತ್ತಿದ್ದೆ. ದವಡೆಹಲ್ಲು ಮೇಲೆ ನಾಲ್ಕು, ಕೆಳಗೆ ನಾಲ್ಕು. ಹಾಗಾಗಿ ಹಲ್ಲು ಕೈಗೆ ಸಿಕ್ಕರೆ ಸಾಕು, ನನ್ನ ಬೆರಳು ತಾವಾಗಿ ನಾಲ್ಕು ನಾಲ್ಕಾಗಿ ಇಡುತ್ತವೆ. ಡಬ್ಬಿಯಿಂದ ಒಂದಷ್ಟು ತೆಗೆದು ಹಾಗೇ ನಾಲ್ಕು ನಾಲ್ಕಾಗಿ ಇಟ್ಟು, ಅಣ್ಣನಾಗಿ ಒಮ್ಮೆ, ನಾನಾಗಿ ಒಮ್ಮೆ ಎತ್ತುತ್ತಾ ಕೂತೆ. ಅಣ್ಣನಾಗಿ ಎತ್ತುವಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಆಟಕ್ಕೆ ಕಳೆ ಬರಲಿ ಅಂತ.

ಆಗ ಕಣ್ಣಿಗೆ ಬಿತ್ತು. ಅಣ್ಣ ಮೂರು ಎತ್ತಿದರೆ ಆ ನಾಲ್ಕರ ಸಾಲಿನಲ್ಲಿ ಒಂದು ಉಳಿಯುತ್ತದೆ. ಒಂದು ಎತ್ತಲು ನನಗೆ ಅಪ್ಪಣೆ ಇದೆ. ಅಣ್ಣ ಎರಡು ಎತ್ತಿದರೆ ಎರಡು ಉಳಿಯುತ್ತದೆ. ಎರಡಕ್ಕೂ ಅಪ್ಪಣೆ ಇದೆ. ಅಂದರೆ ಅವನು ಏನೇ ಎತ್ತಲಿ, ಆ ನಾಲ್ಕನ್ನು ಮುಗಿಸುವವಳು ನಾನು. ಗುಡ್ಡೆ ಪೂರಾ ನಾಲ್ಕು ನಾಲ್ಕಾಗಿ ಇದ್ದು, ಮೊದಲು ಎತ್ತುವವನು ಅವನಾದರೆ, ಕೊನೆಯ ಕಲ್ಲು ನನ್ನದೇ. ಮೇಲೆ ಒಂದು ಹೆಚ್ಚಿಗೆ ಇದ್ದರಂತೂ ಹಬ್ಬ. ಎಲ್ಲ ನಾಲ್ಕುಗಳು ಮುಗಿದು ಆ ಒಂದು ಉಳಿದಾಗ ಸರದಿ ಅಣ್ಣನದು, ಅವನಿಗೆ ಒಂದನ್ನು ಮುಟ್ಟುವ ಹಕ್ಕಿಲ್ಲ!

ನಾನು ಮೇಣದ ಬಟ್ಟಲು ಬಿಟ್ಟು ಎದ್ದುನಿಂತೆ. ಇಷ್ಟು ವರ್ಷ ಯಾವ ನಿಯಮಕ್ಕೆ ನಾನು ಶಾಪ ಹಾಕಿದ್ದೆನೋ ಅದು ನನ್ನ ಪಕ್ಷದ್ದು. ದೊಡ್ಡ ಮುಷ್ಟಿ ಅಣ್ಣನಿಗೆ, ಖಾತ್ರಿ ಗೆಲುವು ನನಗೆ. ಅಮ್ಮನ ಕಡೆ ನೋಡಿದೆ. ಅವಳು ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅಯ್ಯೋ ನನ್ನಮ್ಮಾ, ಮೂರು ವರ್ಷದ ಹೆಣ್ಣುಮಗು ಗೆಲ್ಲಲಿ ಅಂತ ಆಗಲೇ ಯೋಚಿಸಿ ಈ ನಿಯಮ ಹಾಕಿದೆಯಾ! ಪಕ್ಷಪಾತಿ ಅಂದೆನಲ್ಲ ನಿನ್ನನ್ನು! ಕಣ್ಣು ತುಂಬಿ ಬಂತು. ಹೋಗಿ ಅವಳ ಶಾಲು ಸರಿಮಾಡಿದೆ. ಎಚ್ಚರವಾಗಿ, "ಏನೇ, ಏನು ಒಡೆದುಹಾಕಿದೆ?" ಅಂದಳು.

ಅಪಾಯ ಇರಲಿಲ್ಲ ಅಂತಲ್ಲ. ನಾಲ್ಕುಗಳ ಮೇಲೆ ಎರಡೋ ಮೂರೋ ಹೆಚ್ಚಿಗೆ ಇದ್ದರೆ, ಮೊದಲು ಎತ್ತುವವನು ಆ ಹೆಚ್ಚಿನದನ್ನು ಎತ್ತಿ, ನಾಲ್ಕನ್ನು ಒಡೆಯುವ ಪಾಪವನ್ನು ನನ್ನ ತಲೆಗೆ ಕಟ್ಟಬಹುದು. ಎರಡು ಹೆಚ್ಚಿದ್ದರೆ ಭಯವಿಲ್ಲ, ಅಣ್ಣನ ಕೈಗೆ ಮೊದಲ ಸರದಿಯಲ್ಲಿ ಎರಡು ಎತ್ತುವ ಅಭ್ಯಾಸವೇ ಇಲ್ಲ. ಮೂರು ಹೆಚ್ಚಿದ್ದರೆ ಮಾತ್ರ ಆ ದರಿದ್ರ ಮೂರು ಸರಿಯಾಗಿ ಗುರಿ ಮುಟ್ಟುತ್ತದೆ. ಅಮ್ಮ ಡಬ್ಬಿಯಿಂದ ಎಷ್ಟು ಎತ್ತುತ್ತಾಳೋ ಅಷ್ಟು ಕಲ್ಲು. ಮೂರು ಹೆಚ್ಚಿಗೆ ಬರದಿರಲಿ ಅಂತ ಬೇಡಿಕೊಂಡೆ.

ವಾರದ ಕೊನೆ ಬಂತು. ಕೋಣೆಯ ನಡುವಿನ ಮೇಜು ಒರೆಸಿ, ಮೂವರೂ ಸುತ್ತ ಕೂತೆವು. ಅಮ್ಮ ತಗಡಿನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಎತ್ತಿ ಮೇಜಿನ ಮೇಲೆ ಸುರಿದಳು. ಅಣ್ಣ ಎಣಿಸಿದ. ನಾನು ಎಣಿಸಿದೆ. ಹತ್ತೊಂಬತ್ತು.

ನಾಲ್ಕು ನಾಲ್ಕಲಿ ಹದಿನಾರು, ಮೇಲೆ ಮೂರು.

ಅಣ್ಣ ತೋಳು ಮಡಚಿದ, ಗಂಟಲು ಸರಿಮಾಡಿಕೊಂಡ, ಮೂರು ಎತ್ತಿದ. ಹದಿನಾರು ಉಳಿಯಿತು, ಸರದಿ ನನ್ನದು. ನಾಲ್ಕುಗಳ ಸಾಲು ಒಡೆಯುವ ಕರ್ಮ ನನಗೇ ಬಂತು.

ಒಂದೇ ಆಸೆ ಇತ್ತು. ನಾನು ಎರಡೆತ್ತಿದರೆ ಅವನು ಎರಡೇ ಎತ್ತಬೇಕು, ಆಗ ಮಾತ್ರ ಅವನಿಗೆ ಲಾಭ. ಅಭ್ಯಾಸದಂತೆ ಮೂರೆತ್ತಿದನೋ, ಮುಗಿಯಿತು ಅವನ ಕಥೆ. ಎರಡೆತ್ತಿದೆ. ಹದಿನಾಲ್ಕು ಉಳಿದವು. ಅಣ್ಣನ ಮೂರು ಬೆರಳು ಕೊಕ್ಕಿನಂತೆ ಗುಡ್ಡೆಯ ಮೇಲೆ ಇಳಿದವು. ನನಗೆ ನಗು ತಡೆಯಲಾಗಲಿಲ್ಲ.

"ಪುಟ್ಟಿ ಯಾಕೋ ಹಲ್ಲು ಬಿಡ್ತಿದಾಳೆ ನೋಡೋ" ಅಂದಳು ಅಮ್ಮ.

ಅಣ್ಣನ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದ, ಗುಡ್ಡೆ ನೋಡಿದ, ಮತ್ತೆ ನನ್ನ ಮುಖ ನೋಡಿದ. ಲೆಕ್ಕ ಅವನಿಗೆ ಗೊತ್ತಿಲ್ಲ, ಆದರೆ ತಂಗಿ ಗೊತ್ತು. ಒಂದು ಬೆರಳು ಹಿಂದಕ್ಕೆಳೆದುಕೊಂಡು ಎರಡೇ ಎರಡು ಎತ್ತಿದ. ಹನ್ನೆರಡು ಉಳಿದವು, ಸರದಿ ಮತ್ತೆ ನನ್ನದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನಕ್ಕು ಕೆಡಿಸಿಕೊಂಡೆ.

ಕನ್ನಡಕ ತೆಗೆದು ಒರೆಸಿದೆ. ಹಾಕಿಕೊಂಡೆ. ಮತ್ತೆ ತೆಗೆದು ಒರೆಸಿದೆ.

"ಗಾಜು ಸವೆದುಹೋಗುತ್ತೆ, ಎತ್ತೇ" ಅಂದ ಅಣ್ಣ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ಬರು ಒಳಗೆ ಬಂದರು. ನಿವೃತ್ತ ಹೆಡ್ಮಾಸ್ತರು. ಅವರ ಒಂದು ಮುಂಬಲ್ಲು ಬಿದ್ದುಹೋಗಿ, ಅದರ ಜಾಗಕ್ಕೆ ಅಂಗುಳಿಗೆ ಅಂಟಿ ಕೂರುವ ಒಂಟಿ ಹಲ್ಲಿನ ಪ್ಲೇಟು ನಾವೇ ಮಾಡಿಕೊಟ್ಟಿದ್ದೆವು. ಸಾಮಾನ್ಯವಾಗಿ ರೋಗಿಗಳು ನಮ್ಮಲ್ಲಿಗೆ ಬರುವುದಿಲ್ಲ, ದಂತವೈದ್ಯರ ಹತ್ತಿರ ಹೋಗುತ್ತಾರೆ. ಇವರು ನೇರ ತಯಾರಕರನ್ನೇ ಹಿಡಿಯಬೇಕು ಅಂತ ಬಂದಿದ್ದರು.

"ಯಾರಯ್ಯಾ ಇಲ್ಲಿ ಯಜಮಾನ? ನಿಮ್ಮ ಹಲ್ಲು ಹಾಕ್ಕೊಂಡು ನಾನು ನಗೋ ಹಾಗಿಲ್ಲ, ನಕ್ಕರೆ ಎದುರಿಗಿರೋರು ನಗ್ತಾರೆ. ಬೀದಿ ಮಕ್ಕಳು ನನ್ನ ನೋಡಿ ಬ್ಯಾಟರಿ ತಾತ ಅಂತಿದಾರೆ! ಸಿಟ್ಟಲ್ಲಿ ಬಾಯಿ ಮುಚ್ಚಿದ ರಭಸಕ್ಕೆ ಹಲ್ಲೇ ಕಿತ್ತು ಬಂತು."

ಅಂದವರೇ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಬಿಚ್ಚಿ, ಆ ಒಂದು ಹಲ್ಲನ್ನು ಮೇಜಿನ ಮೇಲೆ ಟಕ್ ಅಂತ ಇಟ್ಟರು. ಇಟ್ಟದ್ದು ನೇರ ನಮ್ಮ ಗುಡ್ಡೆಯೊಳಗೆ, ನನ್ನ ಕಡೆಯ ಅಂಚಿನಲ್ಲಿ.

ಅಣ್ಣ ಆಗ ಟಾರ್ಚು ಹಿಡಿದು ಅವರ ಬಾಯೊಳಗೆ ಇಣುಕುತ್ತಿದ್ದ. ಅಮ್ಮ, ಆಗತಾನೇ ಒರೆಸಿದ ನೆಲದ ಮೇಲೆ ಬಿದ್ದ ಅವರ ಬೂಟಿನ ಗುರುತುಗಳನ್ನು ನೋಡುತ್ತಿದ್ದಳು. ನೋಡಿದವಳು ನಾನೊಬ್ಬಳೇ. ಹನ್ನೆರಡು ಇದ್ದದ್ದು ಹದಿಮೂರಾಯಿತು. ನನ್ನ ಬಾಯಿ ಹೇಳಲಿಕ್ಕೆ ಅಂತ ತೆರೆಯಿತು. ಆಮೇಲೆ ಅದಕ್ಕೂ ಕಿಟಕಿ ನೆನಪಾಯಿತು ಅಂತ ಕಾಣುತ್ತದೆ, ತಾನೇ ಮುಚ್ಚಿಕೊಂಡಿತು.

ಒಂದು ಕಲ್ಲು ಎತ್ತಿದೆ. ಹನ್ನೆರಡು ಉಳಿದವು. ಈಗ ಸರದಿ ಅಣ್ಣನದು.

"ಸ್ವಲ್ಪ ಕೂತ್ಕೊಳಿ ಮೇಷ್ಟ್ರೇ, ಒಂದು ಮುಖ್ಯ ಕೆಲಸ ಮುಗಿಸಿ ನಿಮ್ಮನ್ನ ನೋಡ್ತೀನಿ" ಅಂದ ಅಣ್ಣ. ಹೆಡ್ಮಾಸ್ತರು ಅಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತು, ಇವರ ಮುಖ್ಯ ಕೆಲಸ ಏನು ಅಂತ ಕತ್ತು ಚಾಚಿ ನೋಡತೊಡಗಿದರು.

ಅಣ್ಣ ಮೂರು, ನಾನು ಒಂದು. ಎಂಟು ಉಳಿದವು. ಅಣ್ಣ ಮತ್ತೆ ಮೂರು, ನಾನು ಒಂದು. ನಾಲ್ಕು ಉಳಿದವು. ಈ ಸಲ ನಾನು ನಗಲಿಲ್ಲ. ಸತ್ತವರ ಮನೆಯಲ್ಲಿ ಕೂತವಳ ಹಾಗೆ ಮುಖ ಮಾಡಿಕೊಂಡು ಕೂತಿದ್ದೆ. ಅಣ್ಣ ಬಹಳ ಯೋಚಿಸಿ, ಎರಡು ಎತ್ತಿದ.

ಉಳಿದದ್ದು ಎರಡು. ಒಂದು ಮೂಲೆ ಒಡೆದ ದವಡೆಹಲ್ಲು, ಇನ್ನೊಂದು ಬುಡದಲ್ಲಿ ಗುಲಾಬಿ ಬಣ್ಣದ ಪ್ಲೇಟಿನ ಚೂರು ಅಂಟಿಕೊಂಡಿದ್ದ ಹೆಡ್ಮಾಸ್ತರ ಮುಂಬಲ್ಲು. ಎರಡನ್ನೂ ಬಾಚಿಕೊಂಡಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು, ಕಿಟಕಿ ನನ್ನದಾಗುತ್ತಿತ್ತು, ನಾನು ಈ ಕಥೆ ಹೇಳುವ ಅಗತ್ಯವೂ ಬರುತ್ತಿರಲಿಲ್ಲ. ಆದರೆ ಗೆದ್ದರಷ್ಟೇ ಸಾಕೇ? ಇಷ್ಟು ವರ್ಷದ ಉರಿ ಆರಬೇಡವೇ? ದವಡೆಹಲ್ಲು ಒಂದನ್ನೇ ಎತ್ತಿ, ಆ ಇನ್ನೊಂದನ್ನು ಬೆರಳ ತುದಿಯಿಂದ ನೂಕಿ ಅಣ್ಣನ ಮುಂದೆ ನಿಲ್ಲಿಸಿದೆ.

"ಎತ್ತು ಅಣ್ಣಾ. ನೀನು ದೊಡ್ಡವನು."

ಅಣ್ಣನ ಕೈ ಮುಂದೆ ಹೋಯಿತು. ನಿಂತಿತು. ವಾಪಸು ಬಂತು. ಮೇಜಿನ ಮೇಲೆ ಇರುವುದು ಒಂದು, ಅವನು ಎತ್ತಬಹುದಾದದ್ದು ಎರಡೋ ಮೂರೋ. ಅವನ ಕಿವಿ ಕೆಂಪಾಯಿತು.

"ಇದೆಂಥ ನಿಯಮ!" ಅಂತ ಮೇಜು ಗುದ್ದಿದ. ಹಲ್ಲು ಒಮ್ಮೆ ಕುಣಿದು ಕೂತಿತು. "ಕಣ್ಣೆದುರಿಗಿದೆ, ಕೈಯಲ್ಲಿ ಬಲ ಇದೆ, ಎತ್ತೋ ಹಾಗಿಲ್ಲ! ಅಮ್ಮಾ, ನಾನು ಯಾಕೆ ಒಂದು ಎತ್ತಬಾರದು? ದೊಡ್ಡವನು ಅಂತ ತಾನೇ?"

ನಾನು ಅಮ್ಮನ ಕಡೆ ತಿರುಗಿ ಮೆಲ್ಲಗೆ, "ಹೇಳಮ್ಮಾ, ನಂಗೊತ್ತು. ನಾನು ಗೆಲ್ಲಲಿ ಅಂತ ತಾನೇ?" ಅಂದೆ.

ಅಮ್ಮ ಇಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡಿದಳು.

"ಗೆಲ್ಲೋದೇನು, ಸೋಲೋದೇನು? ನೀನು ಕಲ್ಲು ನುಂಗ್ತಿದ್ದೆ ಕಣೇ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಒಂದೋ ಎರಡೋ ಆದರೆ ಮಾರನೇ ದಿನ ಬಂತಾ ಇಲ್ವಾ ಅಂತ ನೋಡಬಹುದು, ಮೂರು ಮೂರು ನುಂಗಿದರೆ ಯಾರು ಎಣಿಸ್ತಾ ಕೂತಿರ್ತಾರೆ? ಅದಕ್ಕೇ ನಿನಗೆ ಮೂರು ಇಲ್ಲ ಅಂದೆ."

ನನ್ನ ಕಣ್ಣಿನಲ್ಲಿ ತುಂಬಿಕೊಂಡಿದ್ದ ನೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

"ನನಗೆ?" ಅಂದ ಅಣ್ಣ.

"ನಿನಗೇನು, ಮೂಗು."

"ಮೂಗಾ?"

"ಕೈಯಲ್ಲಿ ಒಂದೇ ಒಂದು ಕಲ್ಲು ಸಿಕ್ಕಿದರೆ ಸಾಕು, ನೇರ ಮೂಗಿಗೆ ತುರುಕ್ಕೋತಿದ್ದೆ. ಎರಡು ಸಲ ಡಾಕ್ಟರ ಹತ್ತಿರ ಓಡಿದ್ವಿ. ಆಮೇಲೆ ನಿಮ್ಮಪ್ಪ ಕಂಡುಹಿಡಿದರು, ಕೈಯಲ್ಲಿ ಎರಡೋ ಮೂರೋ ಇದ್ದರೆ ನೀನು ಯಾವುದನ್ನ ಯಾವ ಹೊಳ್ಳೆಗೆ ಹಾಕ್ಕೋಬೇಕು ಅಂತ ಯೋಚಿಸ್ತಾ ಮರೆತುಬಿಡ್ತೀಯ ಅಂತ. ಅದಕ್ಕೇ ನಿನಗೆ ಒಂದು ಇಲ್ಲ."

"ಎಂಟು ವರ್ಷಕ್ಕಾ?" ಅಂದೆ ನಾನು.

"ಹೂಂ, ಎಂಟು ವರ್ಷಕ್ಕೇ."

ಹೆಡ್ಮಾಸ್ತರು ಹಲ್ಲಿಲ್ಲದ ಸಂದಿಯಿಂದ ಶಿಳ್ಳೆ ಹೊಡೆದ ಹಾಗೆ ನಕ್ಕರು. ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ನನ್ನ ಕಥೆಯೂ ಅಷ್ಟೇನೂ ಗೌರವದ್ದಲ್ಲ ಅನ್ನುವುದು ನೆನಪಾದರೂ ನಗು ನಿಲ್ಲಲಿಲ್ಲ. ಅಣ್ಣ ಮಾತ್ರ ನಗಲಿಲ್ಲ. ಇಷ್ಟು ಕಾಲ ಕಿರೀಟ ಅಂತ ತಲೆಯ ಮೇಲೆ ಹೊತ್ತದ್ದು ಮೂಗಿನ ಕಟ್ಟುಪಾಡು ಅಂತ ತಿಳಿದರೆ ಯಾರಿಗೆ ತಾನೇ ನಗು ಬಂದೀತು? ಅವನ ಮುಖ ಚಿಕ್ಕದಾಯಿತು. ಮೆಲ್ಲಗೆ ಕೇಳಿದ:

"ಈಗ ಎತ್ತಬಹುದಾ ಅಮ್ಮಾ?"

"ಹಾಕ್ಕೊಳಲ್ಲ ತಾನೇ?"

"ಅಮ್ಮಾ! ನನಗೆ ಐವತ್ತಾಗ್ತಾ ಬಂತು!"

ಅಮ್ಮ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದಳು. ಆಮೇಲೆ, "ಸರಿ, ಎತ್ತು. ನಾನು ನೋಡ್ತಿರ್ತೀನಿ" ಅಂದಳು.

ನನ್ನ ನಗು ಗಂಟಲಲ್ಲೇ ಒಣಗಿತು. ಅವನು ಆ ಒಂದನ್ನು ಎತ್ತಿದರೆ ಮೇಜು ಖಾಲಿ, ಸರದಿ ನನ್ನದು, ಸೋತವಳು ನಾನು. "ಅದ್ಹೇಗೆ? ಆಟದ ನಡುವೆ ನಿಯಮ ಬದಲಾಯಿಸ್ತೀರಾ? ಇದು ಮೋಸ! ನನ್ನ ಕಿಟಕಿ!" ಅಂತ ಕೂಗಿದೆ. ಎರಡನ್ನೂ ಎತ್ತದೆ ಒಂದನ್ನು ಬಿಟ್ಟ ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು ಅನ್ನಿಸಿತು. ಅತಿ ಆಸೆ ಗತಿ ಕೇಡು ಅಂತ ಗೊತ್ತಿತ್ತು, ಅತಿ ಕೊಬ್ಬಿಗೂ ಅದೇ ಗತಿ ಅಂತ ಗೊತ್ತಿರಲಿಲ್ಲ. ಅಣ್ಣ ಎರಡೇ ಬೆರಳಲ್ಲಿ, ಮೊದಲ ಸಲ, ಒಂದೇ ಒಂದು ಕಲ್ಲನ್ನು ಎತ್ತಿಹಿಡಿದ. ಅವನ ಮುಖದಲ್ಲಿ ಎಂಥ ಸಂತೋಷ! ಆ ಸಿಟ್ಟಿನಲ್ಲೂ ನನಗೆ ಪಾಪ ಅನ್ನಿಸಿತು.

"ಅದು ನನ್ನ ಹಲ್ಲು ಕಣಯ್ಯಾ" ಅಂದರು ಹೆಡ್ಮಾಸ್ತರು.

ಮೂವರೂ ಅವರ ಕಡೆ ತಿರುಗಿದೆವು.

"ನಾನೇ ತಂದು ಇಟ್ಟದ್ದು. ಬುಡದಲ್ಲಿ ಗುಲಾಬಿ ಚೂರು ಇಲ್ವಾ ನೋಡು. ನೀವಿಬ್ಬರೂ ನನ್ನ ಹಲ್ಲಿಟ್ಟು ಆಟ ಆಡ್ತಿದೀರಾ?"

ಅಣ್ಣ ಹಲ್ಲು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. "ನಿನಗೆ ಗೊತ್ತಿತ್ತು!" ಅಂದ. "ಅದು ಕಲ್ಲಲ್ಲ ಅಂದಮೇಲೆ ಕೊನೇ ಕಲ್ಲು ನಾನು ಎತ್ತಿದ್ದೇ, ಗೆದ್ದವಳು ನಾನೇ!" ಅಂದೆ. "ಅದಿಲ್ಲದಿದ್ದರೆ ಆಗಲೇ ನೀನು ಸೋಲ್ತಿದ್ದೆ!" ಅಂದ. "ನೀನು ಮೂಗಿನವನು!" ಅಂದೆ. "ನೀನು ನುಂಗುವವಳು!" ಅಂದ. ಅಮ್ಮ ಕೋಲು ಕುಟ್ಟಿದಳು. "ಮೊದಲು ಆ ಮನುಷ್ಯನ ಹಲ್ಲು ನೋಡ್ರೋ!"

ಅಣ್ಣ ಹೆಡ್ಮಾಸ್ತರ ಗಲ್ಲ ಹಿಡಿದು, ತನ್ನ ಮೇಜಿನ ಹತ್ತಿರ ಕಿಟಕಿಗೆ ಮುಖಮಾಡಿ ಕೂರಿಸಿದ. ಸಂಜೆಯ ಬೆಳಕು ಇನ್ನೂ ಚೆನ್ನಾಗಿತ್ತು. "ಬಾಯಿ ತೆಗೀರಿ" ಅಂದು ಹಲ್ಲನ್ನು ಅದರ ಸಂದಿಯ ಪಕ್ಕ ಹಿಡಿದ. ಹಿಡಿದವನು ಹಾಗೇ ನಿಂತ.

ನಮ್ಮ ಕೆಲಸದಲ್ಲಿ ಅಣ್ಣ ಅಚ್ಚು ನೋಡುತ್ತಾನೆ, ಪ್ಲಾಸ್ಟರ್ ನೋಡುತ್ತಾನೆ. ತಯಾರಾದ ಹಲ್ಲು ನನ್ನ ಮೂಲೆಯಿಂದ ನೇರ ಡಬ್ಬಿಗೆ ಹೋಗುತ್ತದೆ. ಅದನ್ನು ಅವನು ಮನುಷ್ಯರ ಬಾಯಿಯ ಪಕ್ಕ, ಹಗಲಲ್ಲಿ, ಕಂಡದ್ದೇ ಇರಲಿಲ್ಲ. ಹೆಡ್ಮಾಸ್ತರ ಹಲ್ಲುಗಳು ಟೀ ಕುಡಿದು ಮಾಗಿ ಹಳದಿಗೆ ತಿರುಗಿದ್ದವು. ಅವುಗಳ ನಡುವೆ ಇದು ನೀಲಿ. ಬರೀ ಬಿಳಿಯಲ್ಲ, ನೀಲಿ.

ಅಣ್ಣ ಹಲ್ಲು ಹಿಡಿದುಕೊಂಡು ನನ್ನ ಮೂಲೆಗೆ ಹೋದ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದ. ಹೆಡ್ಮಾಸ್ತರನ್ನೂ ಅಲ್ಲಿಗೆ ಕರೆದ. ಅಲ್ಲಿ ಅದು ಅಕ್ಕಪಕ್ಕದ ಹಲ್ಲಿಗೆ ಅಣ್ಣತಮ್ಮಂದಿರ ಹಾಗೆ ಹೊಂದುತ್ತಿತ್ತು. ಮತ್ತೆ ಕಿಟಕಿಗೆ ಎಳೆದುಕೊಂಡು ಬಂದ. ಮತ್ತೆ ಮೂಲೆಗೆ. ಪಾಪ ಹೆಡ್ಮಾಸ್ತರು ಬಾಯಿ ತೆರೆದುಕೊಂಡೇ ಅವನ ಹಿಂದೆ ಓಡಾಡಿದರು.

"ಪುಟ್ಟೀ, ಇದನ್ನ ಆ ಲೈಟಿನ ಕೆಳಗೆ ಮಾಡಿದ್ಯಾ?"

"ಮತ್ತೆಲ್ಲಿ ಮಾಡ್ಲಿ? ನಾನು ಹೇಳ್ತಾನೇ ಇದೀನಲ್ಲ, ಬಣ್ಣ ಕಾಣ್ತಿಲ್ಲ ಅಂತ!"

"ಕಾಣ್ತಿಲ್ಲ ಅಂದರೆ ಕಣ್ಣು ಮಂಜಾಗಿದೆ ಅಂದ್ಕೊಂಡೆ ಕಣೇ. ಹೀಗೆ ಅಂತ ಗೊತ್ತಿರಲಿಲ್ಲ." ಅವನು ಟ್ಯೂಬ್‌ಲೈಟಿನ ಕಡೆ ಕತ್ತೆತ್ತಿ ನೋಡಿ, "ಈ ಕತ್ತಲೇಲಿ ಇಷ್ಟಾದರೂ ಹೊಂದಿಸಿದೀಯಲ್ಲ" ಅಂದ.

ನನಗೆ ಅವನನ್ನು ಬೈಯಲು ಬೇಕಾದಷ್ಟು ಮಾತು ತಯಾರಿತ್ತು, ಬದಲಿಗೆ ಕನ್ನಡಕ ತೆಗೆದು ಒರೆಸಿದೆ. ಅಣ್ಣ ತನ್ನ ಪ್ಲಾಸ್ಟರ್ ಬೋಗುಣಿ ಎತ್ತಿ, ಚಮಚ ಅದರಲ್ಲಿ ಹಾಕಿ, ನನ್ನ ಮೂಲೆಗೆ ಕೊಂಡೊಯ್ದು ಇಟ್ಟ. ಆಟದಲ್ಲಿ ಗೆದ್ದವರು ಯಾರು ಅನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲ, ಇವತ್ತಿಗೂ ತೀರ್ಮಾನವಾಗಿಲ್ಲ. ಮಾದರಿ ಪಟ್ಟಿ ತಂದು ನಾನು ಕಿಟಕಿಯ ಮುಂದೆ ಕೂತೆ. ಹೆಡ್ಮಾಸ್ತರು ಬಾಯಿ ತೆರೆದರು. ಹದಿನಾರು ಬಿಳಿಗಳೂ ಒಂದೊಂದಾಗಿ ನಿಜ ಹೇಳತೊಡಗಿದವು. ಎಷ್ಟು ಚೆಂದ ಅನ್ನಿಸಿತು ನನಗೆ.

ಅಣ್ಣ ನನ್ನ ಹಿಂದೆ ನಿಂತು, ಆ ಹಳೆಯ ನೀಲಿ ಹಲ್ಲನ್ನು ಇನ್ನೂ ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ. ಬೆಳಕಿಗೆ ತಿರುಗಿಸಿ, ಇನ್ನೂ ಹತ್ತಿರದಿಂದ ನೋಡೋಣ ಅಂತ ಮುಖದ ಹತ್ತಿರ ತಂದ.

"ಏಯ್!" ಅಂದಳು ಅಮ್ಮ ಮೇಜಿನ ಆಚೆಯಿಂದ. "ಮೂಗಿನಿಂದ ದೂರ ಹಿಡಿ."

ಅಣ್ಣ ತಕ್ಷಣ ಕೈ ಕೆಳಗಿಳಿಸಿದ.